ಹಳಿಗಳು ಹೆತ್ತ ಊರು

ನದಿಯ ದಂಡೆಯಲ್ಲಿ ಊರು ಹುಟ್ಟುವುದುಂಟು. ಕೋಟೆಯ ನೆರಳಿನಲ್ಲಿ, ದೇವಾಲಯದ ಸುತ್ತ ಬೆಳೆಯುವುದೂ ಉಂಟು. ಉತ್ತರ ಇಂಗ್ಲೆಂಡಿನ ಡರಮ್ ಪ್ರಾಂತದ ಶಿಲ್ಡನ್ ಎಂಬ ಪುಟ್ಟ ಪಟ್ಟಣವಾದರೋ ರೈಲು ಹಳಿಗಳ ಮಗ್ಗುಲಲ್ಲಿ ಬೆಳೆದದ್ದು.

1825ರ ಸೆಪ್ಟೆಂಬರ್ 27ರಂದು, ಗಣಿಗಳಿಂದ ಬಂದ ಕಲ್ಲಿದ್ದಲಿನ ಬಂಡಿಗಳನ್ನು ಹಗ್ಗ ಕಟ್ಟಿ ಗುಡ್ಡ ದಾಟಿಸಿ, ಜಾರ್ಜ್ ಸ್ಟೀಫನ್‌ಸನ್ ನಡೆಸುತ್ತಿದ್ದ ‘ಲೋಕೋಮೋಷನ್’ ಎಂಬ ಉಗಿಯಂತ್ರಕ್ಕೆ ಜೋಡಿಸಿದ್ದು ಇಲ್ಲಿಯೇ. ಗಾಡಿ ಡಾರ್ಲಿಂಗ್‌ಟನ್ನಿನ ಮಾರ್ಗವಾಗಿ ಸ್ಟಾಕ್‌ಟನ್ ಸೇರಿತು; ರೈಲುಯುಗದ ಬಾಗಿಲು ತೆರೆಯಿತು.

ಆರಂಭದ ಯಂತ್ರಗಳು ಮೇಲಿಂದ ಮೇಲೆ ಕೆಡುತ್ತಿದ್ದವು. ಅವುಗಳ ಮೇಲ್ವಿಚಾರಕನಾಗಿದ್ದ ತಿಮೊಥಿ ಹ್ಯಾಕ್‌ವರ್ತ್ 1827ರಲ್ಲಿ ಕಟ್ಟಿದ ‘ರಾಯಲ್ ಜಾರ್ಜ್’ ಉಗಿಶಕ್ತಿಯ ಮೇಲಿನ ನಂಬಿಕೆಯನ್ನು ಗಟ್ಟಿಗೊಳಿಸಿತು. 1836ರಲ್ಲಿ ಅವನ ಕಾರ್ಖಾನೆಯ ಯಂತ್ರವೊಂದು ರಷ್ಯದ ಚಕ್ರವರ್ತಿಯ ನಾಡಿಗೂ ಹೋಯಿತು. 1863ರಲ್ಲಿ ಡಾರ್ಲಿಂಗ್‌ಟನ್ನಿನಲ್ಲಿ ಹೊಸ ಕಾರ್ಖಾನೆ ತೆರೆದ ಮೇಲೆ ಯಂತ್ರನಿರ್ಮಾಣ ಕ್ರಮೇಣ ಅತ್ತ ಸರಿಯಿತು. ಶಿಲ್ಡನ್ನಿನ ಪಾಲಿಗೆ ಉಳಿದದ್ದು ಸರಕುಬಂಡಿಗಳ ತಯಾರಿಕೆ. ಅದನ್ನೇ ನೆಚ್ಚಿ ಊರು ತಲೆಮಾರುಗಳನ್ನು ಸಾಕಿತು. ತಂದೆ ಹಿಡಿದ ಸುತ್ತಿಗೆಯನ್ನು ಮಗ ಹಿಡಿದ. ಕಾರ್ಖಾನೆಯ ಸಂಬಳದಿಂದಲೇ ಅಂಗಡಿ ನಡೆಯಿತು, ಬಾಡಿಗೆ ಸಂದಿತು, ಮದುವೆಗಳೂ ಜರುಗಿದವು.

ಆದರೆ ಒಬ್ಬನೇ ದುಡಿಯುವ ಸಂಸಾರದ ಚಿಂತೆ ಗೃಹಿಣಿಯರಿಗೆ ಚೆನ್ನಾಗಿ ಗೊತ್ತು. ಕಲ್ಲಿದ್ದಲು ಹೆಚ್ಚಿದಾಗ ಊರಿಗೆ ಸುಗ್ಗಿ, ತಗ್ಗಿದಾಗ ಬರ. 1915ರಲ್ಲಿ ಶಿಲ್ಡನ್ನಿನಿಂದ ನ್ಯೂಪೋರ್ಟಿನವರೆಗೆ ಕಲ್ಲಿದ್ದಲಿನ ಗಾಡಿಗಳಿಗಾಗಿ ವಿದ್ಯುತ್ ತಂತಿ ಎಳೆದರು. ಆಗಿನ ಕಾಲಕ್ಕೆ ಅದು ವಿಸ್ಮಯ. ಸಾಗಣೆ ಕುಗ್ಗಿದ್ದರಿಂದ 1935ರಲ್ಲಿ ಆ ವ್ಯವಸ್ಥೆಯನ್ನೇ ಕೈಬಿಟ್ಟರು. ಮುಂದೆ ರಸ್ತೆಯ ಲಾರಿಗಳು ಸರಕನ್ನು ಕಸಿದವು. ಹೊಸ ಬಂಡಿಗಳ ಬೇಡಿಕೆ ಇಳಿಯಿತು. ಕೆಲಸಗಾರರು ಪ್ರತಿಭಟಿಸಿದರೂ 1984ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಕುಶಲಿಗಳ ಕೈ ಸೋತಿರಲಿಲ್ಲ. ಆ ಕೈಗಳಿಗೆ ಊರಿನಲ್ಲಿ ಬೇರೆ ಕೆಲಸವಿರಲಿಲ್ಲ.

2004ರಲ್ಲಿ ಅಲ್ಲಿ ರೈಲು ವಸ್ತುಸಂಗ್ರಹಾಲಯವೊಂದು ತೆರೆಯಿತು. ಅದರ ಹೆಸರೂ ‘ಲೋಕೋಮೋಷನ್’. ನೋಡಲು ಬರುವವರಿಂದ ಊರಿಗೆ ನಾಲ್ಕು ಕಾಸು ದೊರೆಯುತ್ತದೆ. ಆದರೆ ಪ್ರವಾಸಿಯ ಚಹದ ಹಣ ಕುಶಲಿಯ ತಿಂಗಳ ಸಂಬಳಕ್ಕೆ ಸಮವಾದೀತೆ? ಕೆಲವೇ ಮೈಲಿ ದೂರದ ನ್ಯೂಟನ್ ಐಕ್ಲಿಫ್‌ನಲ್ಲಿ ಜಪಾನಿನ ಹಿಟಾಚಿ ಸಂಸ್ಥೆ 2015ರಲ್ಲಿ ರೈಲುಗಾಡಿಗಳ ಕಾರ್ಖಾನೆ ತೆರೆದದ್ದು ಆ ಸೀಮೆಗೆ ಸಮಾಧಾನ ತಂದಿತು. ಆದರೂ ಬೇಡಿಕೆ ಬಂದರಷ್ಟೇ ಅದಕ್ಕೂ ಕೆಲಸ.

2025ಕ್ಕೆ ಆ ಮೊದಲ ಪ್ರಯಾಣಕ್ಕೆ ಇನ್ನೂರು ವರ್ಷ ತುಂಬಿತು. ಶಿಲ್ಡನ್ ನಿಲ್ದಾಣದಲ್ಲಿ ಇಂದಿಗೂ ರೈಲು ನಿಲ್ಲುತ್ತದೆ. ಒಂದು ಕಾಲಕ್ಕೆ ಲೋಕವೇ ಕೆಲಸ ಕಲಿಯಲು ನೋಡುತ್ತಿದ್ದ ಊರಿನ ಮಕ್ಕಳು, ಈಗ ಅದೇ ರೈಲು ಹತ್ತಿ ಕೆಲಸ ಅರಸಿ ಹೊರಡುತ್ತಾರೆ.