ಮಳೆಗಾಲಕ್ಕೆ ಮುನ್ನ ಮನೆಯ ಹಿರಿಯರ ಹೆಜ್ಜೆಯತ್ತಲೂ ಗಮನವಿರಲಿ

ಮುಂಗಾರು ಸಮೀಪಿಸಿತೆಂದರೆ ನಾವು ಬೆಳೆಗಾರರೆಲ್ಲ ಮೈಲುತುತ್ತ, ಸುಣ್ಣ ಹೊಂದಿಸುವ ಗಡಿಬಿಡಿಯಲ್ಲಿರುತ್ತೇವೆ. ಕೊಳೆ ಬಂದ ಮೇಲೆ ಔಷಧಿ ಹೊಡೆಯುವುದಕ್ಕಿಂತ ಮಳೆ ಹಿಡಿಯುವ ಮೊದಲೇ ಹೊಡೆಯುವುದು ಲೇಸೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಮಳೆಗಾಲದಲ್ಲಿ ಅಂಗಳದಲ್ಲೋ ಬಚ್ಚಲಲ್ಲೋ ಮನೆಯ ಹಿರಿಯರು ಜಾರಿ ಬಿದ್ದರೆ ಮಾತ್ರ 'ವಯಸ್ಸಾಯಿತು, ಏನು ಮಾಡುವುದು' ಎಂದು ಸುಮ್ಮನಾಗುತ್ತೇವೆ. ಈ ಔದಾಸೀನ್ಯ ಸಲ್ಲದು. ಇದಕ್ಕೂ ಮುಂಜಾಗ್ರತೆಯ ಮದ್ದು ಇದೆ.

ಮರವೇರುವ ಕೊನೆಗಾರನ ಬಗ್ಗೆ ನಮಗೆ ಆತಂಕವಿರುತ್ತದೆ. ಹಗ್ಗ ಗಟ್ಟಿಯಿದೆಯೇ ಎಂದು ನೋಡುತ್ತೇವೆ, ಮರ ಒದ್ದೆಯಿದ್ದರೆ ಹತ್ತಬೇಡವೆನ್ನುತ್ತೇವೆ. ನೆಲದ ಮೇಲೆಯೇ ನಡೆಯುವ ಅಜ್ಜಿಯ ಬಗ್ಗೆ ಅಷ್ಟು ಯೋಚನೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿಳಿಸಿರುವ ಅಂದಾಜಿನಂತೆ, ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಮಂದಿ ಬಿದ್ದ ಕಾರಣದಿಂದ ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ನಮ್ಮ ಮನೆಯ ಸಂಗತಿಯನ್ನೇ ಹೇಳುವುದಾದರೆ, ನಮ್ಮ ತಾಯಿಯವರು ಬಚ್ಚಲುಮನೆಯ ಮೆಟ್ಟಿಲಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅದಕ್ಕೆ ಮೊದಲೇ ಅವರು ಎರಡು ಸಲ ಬಿದ್ದಿದ್ದರೆಂದು ತಿಳಿದದ್ದು ಆಸ್ಪತ್ರೆಯಲ್ಲಿ. ಯಾಕೆ ಹೇಳಲಿಲ್ಲವೆಂದು ಕೇಳಿದರೆ, "ಹೇಳಿದರೆ ಕೊಟ್ಟಿಗೆಗೆ ಹೋಗಬೇಡ, ತೋಟಕ್ಕೆ ಇಳಿಯಬೇಡ ಅಂತ ಕೂರಿಸಿಬಿಡ್ತಿದ್ರಿ" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಹಾಗೆಯೇ ಮಾಡುತ್ತಿದ್ದೆವು.

ನಾವು ತಪ್ಪುವುದು ಇಲ್ಲಿಯೇ. 'ಏಳಬೇಡ, ಕೂತಿರು' ಎಂಬುದು ಪ್ರೀತಿಯ ಮಾತಾಗಿ ಕೇಳಿಸಿದರೂ, ಕೂತವರ ಕಾಲು ಸೋಲುತ್ತದೆ. ಕಾಲು ಸೋತವರು ಮತ್ತೆ ಬೀಳುತ್ತಾರೆ. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದ ಕೊಕ್ರೇನ್ ಪರಾಮರ್ಶೆ 2019ರಲ್ಲಿ ಪ್ರಕಟವಾಯಿತು. ತಮ್ಮ ಮನೆಗಳಲ್ಲೇ ವಾಸವಿರುವ ಹಿರಿಯರು ವ್ಯಾಯಾಮ ಮಾಡಿದರೆ ಬೀಳುವ ಪ್ರಮಾಣ ಸುಮಾರು ಶೇಕಡಾ 23ರಷ್ಟು ತಗ್ಗುತ್ತದೆಂದು ಅದು ಹೇಳುತ್ತದೆ. ಇದಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ಗಟ್ಟಿ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಯಾರಾದರೂ ಪಕ್ಕದಲ್ಲಿದ್ದಾಗ ಒಂದಿಷ್ಟು ನಡೆಯುವುದು, ಇಷ್ಟರಿಂದ ಆರಂಭಿಸಬಹುದು. ಆದ್ದರಿಂದ ಹಿರಿಯರನ್ನು ಕಟ್ಟಿಹಾಕುವ ಬದಲು ಮನೆಯನ್ನು ಸರಿಪಡಿಸೋಣ.

ಅಂಗಳದ ಹಾವಸೆಯನ್ನು ಮಳೆಗೆ ಮೊದಲೊಮ್ಮೆ, ಮಳೆಯ ನಡುವೆ ಹೊಳವಾದಾಗಲೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಬೇಕು. ನಡೆದಾಡುವ ದಾರಿಗೆ ಸೋಗೆಯನ್ನೋ ದಬ್ಬೆಯನ್ನೋ ಹಾಸುವ ನಮ್ಮ ಹಿರಿಯರ ರೂಢಿ ಒಳ್ಳೆಯದೇ. ಆದರೆ ಕೊಳೆತ ಸೋಗೆ, ಅಲುಗುವ ದಬ್ಬೆ ಎರಡೂ ಅಪಾಯ, ಆಗಾಗ್ಗೆ ಬದಲಿಸಬೇಕು. ಬಾಗಿಲಲ್ಲಿ ಕಾಲೊರೆಸಲು ಹಾಕುವ ಗೋಣಿತಾಟು ಗಾರೆ ನೆಲದ ಮೇಲೆ ಜಾರುತ್ತದೆ, ತೆಗೆದುಹಾಕಿ. ಬಚ್ಚಲಿನಲ್ಲಿ, ಕಕ್ಕಸಿನಲ್ಲಿ ಗೋಡೆಗೆ ಕಬ್ಬಿಣದ ಹಿಡಿಕೆ ಕೂರಿಸಿ. ಟವೆಲ್ ಹಾಕುವ ಸರಳು ಆಳಿನ ಭಾರ ತಡೆಯುವುದಿಲ್ಲ. ಹೊಸಿಲಿಗೂ ಮೆಟ್ಟಿಲ ಅಂಚಿಗೂ ಬಿಳಿ ಬಣ್ಣದ ಪಟ್ಟಿ ಎಳೆದರೆ ಮಂದ ಕಣ್ಣಿಗೂ ಕಾಣುತ್ತದೆ. ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಗಾಳಿ ಮಳೆಗೆ ಕರೆಂಟು ಹೋಗುವುದು ನಮಗೇನೂ ಹೊಸದಲ್ಲ. ದಿಂಬಿನ ಬಳಿ ಟಾರ್ಚು ಇರಲಿ.

ರಾತ್ರಿ ಎದ್ದ ಕೂಡಲೇ ಹೆಜ್ಜೆ ಹಾಕದೆ, ಮಂಚದ ಅಂಚಿನಲ್ಲಿ ತುಸು ಹೊತ್ತು ಕುಳಿತು ಏಳುವುದು ಒಳಿತು. ರಕ್ತದೊತ್ತಡದ ಮಾತ್ರೆ, ನಿದ್ರೆಯ ಮಾತ್ರೆಗಳಿಂದ ತಲೆ ಸುತ್ತುವುದುಂಟು. ತಾವಾಗಿ ನಿಲ್ಲಿಸದೆ, ಎಲ್ಲ ಮಾತ್ರೆಗಳನ್ನೂ ಒಯ್ದು ವೈದ್ಯರಿಗೆ ತೋರಿಸಬೇಕು. ಕಣ್ಣಿನ ಪೊರೆಯಿದ್ದರೆ ಶಸ್ತ್ರಚಿಕಿತ್ಸೆಯನ್ನು 'ಕೊಯ್ಲು ಮುಗಿಯಲಿ' ಎಂದು ವರ್ಷಗಟ್ಟಲೆ ಮುಂದೂಡಬಾರದು. ಬಿದ್ದವರಿಗೆ ಸೊಂಟ ನೋಯುತ್ತಿದ್ದು ಕಾಲೂರಲು ಆಗದಿದ್ದರೆ, ಎಬ್ಬಿಸಿ ನಡೆಸಲು ಹೋಗದೆ, ಎಣ್ಣೆ ತಿಕ್ಕುತ್ತ ದಿನ ಕಳೆಯದೆ, ಮಲಗಿಸಿಕೊಂಡೇ ಆಸ್ಪತ್ರೆಗೆ ಒಯ್ಯಬೇಕು.

ಇದಕ್ಕೆಲ್ಲ ತಗಲುವ ಖರ್ಚು ಮೂಳೆ ಶಸ್ತ್ರಚಿಕಿತ್ಸೆಯ ಬಿಲ್ಲಿನ ಮುಂದೆ ಏನೇನೂ ಅಲ್ಲ. ಹಣದ ಮಾತು ಹಾಗಿರಲಿ. ಮಕ್ಕಳು ಬೆಂಗಳೂರು ಸೇರಿ, ಒಂಟಿಮನೆಗಳಲ್ಲಿ ಇಬ್ಬರೇ ವಯಸ್ಸಾದವರು ಉಳಿದಿರುವ ತೋಟಗಳು ನಮ್ಮ ಸದಸ್ಯರಲ್ಲೇ ಎಷ್ಟಿಲ್ಲ? ಅಲ್ಲಿ ಒಬ್ಬರು ಬಿದ್ದರೆ ಎತ್ತಲು ಇನ್ನೊಬ್ಬರಿಗೆ ಶಕ್ತಿಯಿಲ್ಲ. ಅಂಥ ಮನೆಗಳಿಗೆ ನೆರೆಯವರು ದಿನಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುವ ಪದ್ಧತಿ ಬೆಳೆಯಬೇಕು.

ಬಚ್ಚಲ ಹಿಡಿಕೆ, ಟಾರ್ಚು, ಊರುಗೋಲುಗಳನ್ನು ನಮ್ಮ ಸಂಘದ ಮಾರಾಟ ಮಳಿಗೆಯಲ್ಲೇ ಇರಿಸಬೇಕೆಂಬ ಸಲಹೆಯನ್ನು ಬರುವ ಮಹಾಸಭೆಯ ಮುಂದೆ ಇಡಲಿದ್ದೇವೆ. ಸದಸ್ಯ ಬಾಂಧವರು ಬೆಂಬಲಿಸಬೇಕಾಗಿ ಕೋರುತ್ತೇವೆ. ಅಲ್ಲಿಯವರೆಗೆ ಕಾಯಬೇಕೆಂದೇನೂ ಇಲ್ಲ. ಇಂದು ಸಂಜೆಯೇ ತಂದೆ ತಾಯಿಯರ ಬಳಿ ಕುಳಿತು, "ಈಚೆಗೆ ಎಲ್ಲಾದರೂ ಬಿದ್ದಿದ್ರಾ?" ಎಂದು ಕೇಳಿ. ಅವರು ಹೌದೆಂದರೆ ಗದರಬೇಡಿ.