ಸಂಗೀತ ವಾರ್ತೆ: ಹೊಸಬರ ಹಾಡು

ಸಿನಿಮಾದ ಹಂಗಿಲ್ಲದೆ ಹಾಡುವ ಹೊಸ ತಂಡಗಳ ಸಂಗೀತವನ್ನು ಬರಿಯ ಗದ್ದಲವೆಂದು ತಳ್ಳಿಬಿಡುವ ಹಿರಿಯರು ನಮ್ಮ ವಸಂತಪುರದಲ್ಲಿಯೂ ಇದ್ದಾರೆ. ಡ್ರಮ್ಮಿನ ಅಬ್ಬರ ಕೆಲವೆಡೆ ಮಿತಿಮೀರುವುದು ನಿಜವೇ. ಆದರೆ ಈ ತಿಂಗಳ ಬಿಡುಗಡೆಗಳಿಗೆ ಕಿವಿಗೊಡುವ ಮುನ್ನ ರಘು ದೀಕ್ಷಿತರ 2008ರ ಗೀತಸಂಪುಟವನ್ನು ಒಮ್ಮೆ ಕೇಳತಕ್ಕದ್ದು. ಅದರಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವುಂಟು. 1819ರಿಂದ 1889ರವರೆಗೆ ಬಾಳಿದ ಆ ಸಂತರ ಪದಗಳನ್ನು ನಮ್ಮಲ್ಲಿ ಅನೇಕರು ಸಿ. ಅಶ್ವಥ್ ಅವರ ಕಂಠದಲ್ಲಿ ಕೇಳಿ ಬಲ್ಲೆವು. ಮಕ್ಕಳು ಗಿಟಾರಿನೊಡನೆ ಕಲಿತಿದ್ದಾರೆ. ತಂಬಾಕಿನ ಹಾಡೆಂದು ನಗುತ್ತ ಕಲಿತವರು ಅದರೊಳಗಿನ ಒಡಪನ್ನು ಎಂದಾದರೊಂದು ದಿನ ಬಿಡಿಸದೆ ಇರರು.

ಚಲನಚಿತ್ರದ ಹಾಡಿಗೆ ನಿರ್ಮಾಪಕನ ಹಣವಿರುತ್ತದೆ. ಈ ತಂಡಗಳಿಗೋ, ಧ್ವನಿಮುದ್ರಣದ ವೆಚ್ಚ ಬಹುಮಟ್ಟಿಗೆ ತಮ್ಮದೇ. ಮೊಬೈಲಿನಲ್ಲಿ ನಾವು ಒಂದು ಸಲ ಕೇಳಿದರೆ ಅವರಿಗೆ ಸೇರುವುದು ಪೈಸೆಗಳ ಲೆಕ್ಕ. ಆದಕಾರಣ ಕಚೇರಿಯ ಟಿಕೆಟ್ಟೇ ಅವರಿಗೆ ಮುಖ್ಯ ಆಧಾರ. ‘ಪಾಸು ದೊರೆಯುವುದೇ?’ ಎಂದು ವಿಚಾರಿಸುವ ಮಹನೀಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ಅರಿಕೆ. ಸೀರೆಯಂಗಡಿಯಲ್ಲಿ ನಾವು ಪಾಸು ಕೇಳುವುದಿಲ್ಲವಷ್ಟೆ!

2021ರ ಜನವರಿಯಲ್ಲಿ ಕನಕಪುರ ರಸ್ತೆಯ ಮೇಲೆ ಮೆಟ್ರೋ ಓಡತೊಡಗಿದಂದಿನಿಂದ ದೊಡ್ಡಕಲ್ಲಸಂದ್ರದಲ್ಲಿ ಹತ್ತಿ ನಗರದೊಳಗಿನ ಕಚೇರಿಗಳಿಗೆ ಹೋಗಿಬರುವುದು ಸುಲಭವಾಗಿದೆ. ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರ ನಾಟಕಶಾಲೆಯು ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಸಂಗೀತ ಕಚೇರಿಗಳನ್ನು ಏರ್ಪಡಿಸುವವರೂ ಈ ಕಟ್ಟುನಿಟ್ಟನ್ನು ಕಲಿತರೆ ಗೃಹಸ್ಥರಿಗೆ ಉಪಕಾರವಾದೀತು. ಟಿಕೆಟ್ಟು ಕೊಳ್ಳುವಾಗಲೇ ಮುಗಿಯುವ ವೇಳೆಯನ್ನು ವಿಚಾರಿಸಿರಿ. ಕಡೆಯ ರೈಲಿನ ಹೊತ್ತನ್ನೂ ನೋಡಿಕೊಂಡು ಹೊರಡಿರಿ.