ಕಣ್ಣಿಗೆ ಬಣ್ಣ, ಬಾಯಿಗೆ ಒಗರು

ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ ಒಂದು ಬಿಳಿ, ಒಂದು ಕೆಂಪು ವೈನ್ ಇಟ್ಟು, ವಾಸನೆ ಹೇಗಿದೆ ಬರೆಯಿರಿ ಎಂದರು. ಬಿಳಿಯದಕ್ಕೆ ತಿಳಿಬಣ್ಣದ ವಸ್ತುಗಳ ಹೆಸರು ಬಂದವು, ಕೆಂಪಿಗೆ ಕಡುಬಣ್ಣದವುಗಳ ಹೆಸರು. ಇನ್ನೊಮ್ಮೆ ಅದೇ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅದಕ್ಕೂ ಕೆಂಪು ವೈನಿನ ವರ್ಣನೆಯೇ! ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರ ಈ ಪ್ರಯೋಗ ಪ್ರಕಟವಾದದ್ದು 2001ರಲ್ಲಿ. ಅಂದಿನಿಂದ ಇದನ್ನೇ ಹಿಡಿದುಕೊಂಡು, ವೈನ್ ರುಚಿ ನೋಡುವುದೆಲ್ಲ ಬೂಟಾಟಿಕೆ ಎಂದು ನಗುವವರಿಗೆ ಲೆಕ್ಕವಿಲ್ಲ.

ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಕೇಳಿದ್ದು ವಾಸನೆಯ ಬಗ್ಗೆ. ಮೂಗೋ, ಕಣ್ಣಿನ ಮಾತನ್ನು ಬೇಗ ನಂಬುತ್ತದೆ. ಆದರೆ ಕೆಂಪು ವೈನಿನ ಜೀವಾಳ ಇರುವುದು ಒಗರಿನಲ್ಲಿ. ಕಪ್ಪು ದ್ರಾಕ್ಷಿಯನ್ನು ಹಿಂಡಿದರೂ ಬರುವ ರಸ ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ. ಸಿಪ್ಪೆ, ಬೀಜಗಳ ಸಮೇತ ಹುದುಗಲು ಬಿಟ್ಟಾಗ ಸಿಪ್ಪೆಯಿಂದ ಬಣ್ಣ ಇಳಿಯುತ್ತದೆ, ಎರಡರಿಂದಲೂ ಟ್ಯಾನಿನ್ ಇಳಿಯುತ್ತದೆ. ಇದು ಎಂಜಲಿನ ಪ್ರೋಟೀನುಗಳನ್ನು ಹಿಡಿದುಬಿಡುವುದರಿಂದ ಬಾಯಿಯ ಜಾರುತನ ಹೋಗಿ ಒಸಡು, ಕೆನ್ನೆಯ ಒಳಮೈ ತರಿತರಿಯಾಗುತ್ತದೆ. ರುಚಿ ಎನ್ನುವುದಕ್ಕಿಂತ ಈ ಒಗರನ್ನು ಸ್ಪರ್ಶ ಎನ್ನಬೇಕು. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದ ಹಂಡೆಯ ಚೊಗರಿಗೆ ಬೆರಳದ್ದಿ ನೆಕ್ಕಿದವರಿಗೆ ಟ್ಯಾನಿನ್ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ.

ಆದ್ದರಿಂದ ಹೊಸಬರು ಗ್ಲಾಸು ತಿರುಗಿಸಿ ಚೆರ್ರಿ, ತಂಬಾಕು, ಚರ್ಮ ಎಂದು ಹೆಸರು ಹುಡುಕುವ ಕೆಲಸವನ್ನು ಆಮೇಲಕ್ಕಿಟ್ಟುಕೊಳ್ಳಲಿ. ಒಂದು ಗುಟುಕು ಬಾಯೊಳಗೆ ಆಡಿಸಿ, ನುಂಗಿ, ಒಗರು ಎಲ್ಲಿ ಹಿಡಿಯಿತು, ಎಷ್ಟು ಹೊತ್ತು ನಿಂತಿತು, ನುಣುಪೋ ಒರಟೋ ಎಂದು ನೋಡಲಿ. ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿಯ ವೈನ್ ಬಿಗಿಯಾಗಿ ಹಿಡಿಯುತ್ತದೆ. ಪಿನೊ ನ್ವಾರ್ ದ್ರಾಕ್ಷಿಯದು ಸವರಿಕೊಂಡು ಹೋಗುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಕುಡಿಯಿರಿ ಎಂಬುದು ಯುರೋಪಿನ ಚಳಿಮನೆಗಳ ಮಾತು; ಬೇಕಾದದ್ದು ಸುಮಾರು 16ರಿಂದ 18 ಡಿಗ್ರಿ. ನಮ್ಮ ಏಪ್ರಿಲ್ ಸೆಕೆಯಲ್ಲಿ ಬಾಟಲಿಯನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡದಿದ್ದರೆ ಮದ್ಯಸಾರದ ಘಾಟೇ ಮೇಲಾಗುತ್ತದೆ. ತೀರಾ ತಣ್ಣಗಾದರೆ ಒಗರು ಒರಟಾಗಿ, ಕಹಿಯೂ ಎದ್ದು ಕಾಣುತ್ತದೆ. (ಖಾರದ ಕೋಳಿ ಸಾರಿನ ಜತೆಗೆ ಗಡುಸು ಕ್ಯಾಬರ್ನೆ ಬೇಡವೇ ಬೇಡ. ಬಾಯಿ ಉರಿದುಹೋಗುತ್ತದೆ.)

ವರ್ಷ ಕಳೆದಂತೆ ಟ್ಯಾನಿನ್ ಅಣುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಕೆಲವು ಗಸಿಯಾಗಿ ತಳ ಸೇರುತ್ತವೆ, ಒಗರು ಮೆತ್ತಗಾಗುತ್ತದೆ. ಬೋರ್ಡೋದವರ ಹೆಮ್ಮೆಯೇ ಇದು. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಹೆಸರು ತೋರಿಸದೆ ಫ್ರೆಂಚ್ ಮತ್ತು ಕ್ಯಾಲಿಫೋರ್ನಿಯಾ ವೈನುಗಳನ್ನು ಫ್ರೆಂಚ್ ಪರಿಣತರ ಮುಂದಿಟ್ಟಾಗ, ಕೆಂಪಿನಲ್ಲಿ ಗೆದ್ದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973. ಬೋರ್ಡೋದ ಹೆಸರಾಂತ ಮೂಟೋನ್ ರೋಥ್‌ಶೀಲ್ಡ್ 1970 ಎರಡನೆಯದು. ತೀರ್ಪುಗಾರರಲ್ಲಿ ಒಬ್ಬರಾದ ಒಡೆಟ್ ಕಾನ್ ತಾವು ಕೊಟ್ಟ ಅಂಕದ ಹಾಳೆಯನ್ನೇ ವಾಪಸು ಕೇಳಿದರಂತೆ! ಬೋರ್ಡೋ ಪರ ಹುಟ್ಟಿದ ಸಮಜಾಯಿಷಿ ಮಾತ್ರ ತಳ್ಳಿಹಾಕುವಂಥದ್ದಾಗಿರಲಿಲ್ಲ: ನಮ್ಮದು ಮಾಗಲು ಕಾಲ ಬೇಕು, ಅವರದು ಅಷ್ಟು ಬಾಳುವುದಿಲ್ಲ. ಒಗರಿನ ಲೆಕ್ಕದಲ್ಲಿ ನ್ಯಾಯವಾದ ವಾದವೇ. ಮೂವತ್ತು ವರ್ಷ ಕಳೆದ ಮೇಲೂ ಅದನ್ನು ಪರೀಕ್ಷಿಸಿ ನೋಡಿದರು. 2006ರಲ್ಲಿ ಅವೇ ಕೆಂಪು ವೈನುಗಳನ್ನು ಮತ್ತೆ ತೆರೆದರು. ರಿಜ್ ಮಾಂಟೆ ಬೆಲ್ಲೊ 1971 ಮೊದಲು ಬಂತು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾದ ಪಾಲಾಯಿತು.